ನೆಲದ ಮೇಲಣ ದೋಣಿ

ನೀರಿನಲ್ಲಿರುವಷ್ಟು ಹೊತ್ತು ದೋಣಿಯು ಮನುಷ್ಯನನ್ನು ಹೊರುತ್ತದೆ. ನೆಲಕ್ಕೆ ಬಂದ ಮೇಲೆ ಮನುಷ್ಯನೇ ದೋಣಿಯನ್ನು ಹೊರಬೇಕಾಗುತ್ತದೆ. ಬಂಡಿಯ ಮೇಲೆ ದೋಣಿ, ದೋಣಿಯ ಮೇಲೆ ಬಂಡಿ ಎಂಬ ಅರ್ಥದ ಗಾದೆಗಳು ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಉಂಟು. ಬಡವನು ಬಲ್ಲಿದನಾಗುವುದನ್ನೂ ಬಲ್ಲಿದನು ಬಡವನಾಗುವುದನ್ನೂ ಸೂಚಿಸುವುದಕ್ಕೆ ಹಿರಿಯರು ಅವುಗಳನ್ನು ಬಳಸುತ್ತಾರೆ. ಆದರೆ ಆ ಮಾತನ್ನು ಅದರ ನೇರವಾದ ಅರ್ಥದಲ್ಲಿಯೇ ತೆಗೆದುಕೊಂಡು, ಬಂಡಿಯೇರಿದ ದೋಣಿಯ ಪಾಡೇನೆಂದು ವಿಚಾರಿಸುವವರು ವಿರಳ. ನಡುಗಡಲಿನಲ್ಲಿ ಬಿರುಗಾಳಿಗೆ ಸಿಕ್ಕಿದ ದೋಣಿಯ ವಿಷಯವಾಗಿ ಕಥೆಗಳಿವೆ, ಹಾಡುಗಳಿವೆ. ದಡದಿಂದ ನೀರಿಗೆ ಇಳಿಯುವ ಹತ್ತು ಮಾರು ದೂರದಲ್ಲಿ ದೋಣಿಗೂ ದೋಣಿಯವನಿಗೂ ಒದಗುವ ಕಷ್ಟವನ್ನು ಕುರಿತು ಕಥೆ ಕಟ್ಟಿದವರು ಕಡಮೆ.

ಕುಂದಾಪುರದ ಕಡೆಯ ಕಡಲತೀರದಲ್ಲಿ ಈ ಹತ್ತು ಮಾರಿನ ಕೆಲಸವು ಒಬ್ಬನ ಕೆಲಸವಲ್ಲ, ಊರಿನ ಕೆಲಸ. ದೋಣಿಯ ಅಡಿಗೆ ಮರದ ಉರುಳೆಗಳನ್ನು ಅಡ್ಡಲಾಗಿ ಹಾಸಿ, ಇಬ್ಬದಿಯಲ್ಲಿಯೂ ಹೆಗಲು ಕೊಟ್ಟು, ಐಲೇಸಾ ಎಂಬ ಕೂಗಿನೊಡನೆ ಎಲ್ಲರೂ ಒಂದೇ ಉಸಿರಿಗೆ ನೂಕುವರು. ದೋಣಿಯು ಮುಂದೆ ಸರಿದಂತೆ ಹಿಂದೆ ಉಳಿದ ಉರುಳೆಯನ್ನು ಎತ್ತಿಕೊಂಡು ಓಡಿ ಮುಂದಿನ ಜಾಗದಲ್ಲಿ ಇಡತಕ್ಕವನೊಬ್ಬನಿರುತ್ತಾನೆ. ನೋಡುವವರ ಕಣ್ಣಿಗೆ ಹೆಗಲು ಕೊಟ್ಟವರ ಬಲವೇ ದೊಡ್ಡದಾಗಿ ತೋರುವುದು. ಆದರೆ ಉರುಳೆಯು ಸೊಟ್ಟಗೆ ಬಿದ್ದರೆ ದೋಣಿಯೂ ಸೊಟ್ಟಗೆ ಹೋಗುವುದು. ಒಂದು ಗಳಿಗೆ ತಡವಾಗಿ ಬಿದ್ದರೆ ದೋಣಿಯ ಮೂತಿ ಮರಳಿನಲ್ಲಿ ಹೂತು ನಿಲ್ಲುವುದು. ಬೇಗನೆ ಕೈ ತೆಗೆಯದಿದ್ದರೆ ಇಟ್ಟವನ ಕೈಯೋ ಕಾಲೋ ಅಡಿಗೆ ಸಿಕ್ಕುವುದು. ಇಪ್ಪತ್ತು ಮಂದಿಯ ಬಲಕ್ಕೆ ಅರ್ಥ ಬರುವುದು ಆ ಒಬ್ಬನ ಕಣ್ಣಳತೆಯಿಂದ.

ಇಪ್ಪತ್ತು ಹೆಗಲುಗಳು ಒದಗದ ದೇಶದಲ್ಲಿ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ್ದಾರೆ. ಅಮೆರಿಕಾದ ಮಿನ್ನೆಸೋಟಾ ರಾಜ್ಯವು ಅಂಥ ಒಂದು ನಾಡು. ಹತ್ತು ಸಾವಿರ ಸರೋವರಗಳ ನಾಡೆಂದು ಅಲ್ಲಿಯ ಕಾರುಗಳ ಸಂಖ್ಯಾಫಲಕದ ಮೇಲೆಯೇ ಬರೆದಿರುತ್ತದೆ. 10 ಎಕರೆಗೆ ಕಡಮೆಯಿಲ್ಲದ ಸರೋವರಗಳನ್ನೇ ಎಣಿಸಿದರೂ ಅವು 11,842. ದೋಣಿಯಿಟ್ಟುಕೊಂಡವರಲ್ಲಿ ಬಹುಮಂದಿ ನೀರಿನ ದಡದಲ್ಲಿ ವಾಸಿಸುವವರಲ್ಲ. ಅವರ ದೋಣಿ ಮನೆಯ ಅಂಗಳದಲ್ಲಿ ಟ್ರೇಲರು ಎಂಬ ಗಾಡಿಯ ಮೇಲೆ ಕುಳಿತಿರುತ್ತದೆ. ರಜೆಯ ದಿನ ಅದನ್ನು ಕಾರಿನ ಹಿಂದೆ ಕಟ್ಟಿ ಸರೋವರಕ್ಕೆ ಒಯ್ಯುವರು. ಅಲ್ಲಿ ಸಾರ್ವಜನಿಕರಿಗಾಗಿ ಕಾಂಕ್ರೀಟಿನ ಇಳಿಜಾರು ಕಟ್ಟಿರುತ್ತಾರೆ. ಸಾಮಾನ್ಯವಾಗಿ ಅದು 100 ಅಡಿಗೆ 12ರಿಂದ 15 ಅಡಿಯಷ್ಟು ಇಳಿಯುತ್ತದೆ. ಕಾರನ್ನು ಹಿಂದುಹಿಂದಾಗಿ ನಡೆಸಿ ಗಾಡಿಯನ್ನು ನೀರಿನೊಳಕ್ಕೆ ತಳ್ಳಿದರೆ ದೋಣಿಯು ತಾನಾಗಿ ತೇಲಿ ಹೋಗಬೇಕು. ಸಂಜೆ ಹಾಗೆಯೇ ತಾನಾಗಿ ಬಂದು ಕೂರಬೇಕು. ಹೇಳುವುದು ಇಷ್ಟು ಸುಲಭ.

ಮರವಂತೆಯ ಬಳಿ ಕಡಲಿಗೂ ಸೌಪರ್ಣಿಕೆಗೂ ನಡುವಣ ಕಿರಿದಾದ ನೆಲದಲ್ಲಿ ಹುಟ್ಟಿ ಬೆಳೆದ ಒಬ್ಬ ಇಂಜಿನಿಯರನು ಈ ನಾಡಿನಲ್ಲಿ ಬಹುಕಾಲದಿಂದ ನೆಲೆಸಿದ್ದನು. ಮೀನುಗಾರರ ಮಗ, ಆದರೆ ದೋಣಿಯನ್ನು ಹತ್ತಿದವನಲ್ಲ. ತಂದೆ ಅವನನ್ನು ದೋಣಿಯ ಹತ್ತಿರಕ್ಕೆ ಬಿಟ್ಟವರೇ ಅಲ್ಲ. ಎಳೆಯನಾಗಿದ್ದಾಗ ಉರುಳೆ ಹಿಡಿಯುವ ಆಸೆಯಿಂದ ಕಡಲ ಕರೆಗೆ ಓಡಿದರೆ, “ಪುಸ್ತಕ ಹಿಡಿ, ಹೋಗು” ಎಂದು ಅಟ್ಟುತ್ತಿದ್ದರು. ತಾಯಿ ತೀರಿಕೊಂಡ ಮರುವರ್ಷ ಅವನು ತಂದೆಯನ್ನು ಬೇಸಗೆಯ ಆರು ತಿಂಗಳ ಮಟ್ಟಿಗೆ ತನ್ನಲ್ಲಿಗೆ ಕರೆಯಿಸಿಕೊಂಡನು. ವೃದ್ಧರಿಗೆ ಎಪ್ಪತ್ತು ದಾಟಿತ್ತು. ಅಲ್ಲಿಯ ಭಾಷೆ ಬಾರದು. ಮೊಮ್ಮಕ್ಕಳ ಕನ್ನಡ ತೊದಲು. ದಿನವೆಲ್ಲ ಕಿಟಕಿಯ ಬಳಿ ಕುಳಿತು ಹುಲ್ಲುಹಾಸನ್ನು ನೋಡುವರು. ಕರೆದಾಗ ಉಂಡು, ಹೇಳಿದಾಗ ಮಲಗುವರು. ಅತಿಥಿಯಂತೆ ಬದುಕುವುದು ದುಡಿದು ಬಾಳಿದವರಿಗೆ ಒಂದು ಬಗೆಯ ಸೆರೆವಾಸ.

ಇದನ್ನು ಕಂಡ ಮಗನು ಒಂದು ದೋಣಿಯನ್ನು ಕೊಂಡನು. 16 ಅಡಿ ಉದ್ದದ ಅಲ್ಯೂಮಿನಿಯಮ್ ದೋಣಿ, ಹಿಂಬದಿಗೆ ಎಂಜಿನು, ಎರಡೂ ಹಳೆಯವು. ಗಾಡಿಯನ್ನು ಬೇರೊಬ್ಬರಿಂದ ಕೊಂಡನು. ದೋಣಿಯ ಉದ್ದಕ್ಕೆ ಗಾಡಿಯ ಉದ್ದ ಸರಿಹೋಗಿತ್ತು; ಇನ್ನೇನು ಬೇಕು ಎಂದುಕೊಂಡನು. ತಂದೆಗೆ ತೋರಿಸಿದಾಗ ಅವರು ಹೊಗಳಲಿಲ್ಲ, ತೆಗಳಲಿಲ್ಲ. ನಿಧಾನವಾಗಿ ಬಗ್ಗಿ ದೋಣಿಯ ಅಡಿಯನ್ನು ಒಂದು ಸಲ ನೋಡಿದರು, ಅಷ್ಟೆ. ಮಗನು ಮೇಲಿನ ಬಣ್ಣವನ್ನು ತೋರಿಸುತ್ತಿದ್ದನು.

ಮೊದಲನೆಯ ರವಿವಾರ ದೋಣಿಯು ಗಾಡಿಯನ್ನು ಬಿಟ್ಟು ಕದಲಲೊಲ್ಲದು. ಚಕ್ರಗಳು ಮುಳುಗಿದವು, ಕಾರಿನ ಹಿಂಗಾಲಿಗಳೂ ನೀರಿಗಿಳಿದವು, ಆಗ ಅದು ಒಮ್ಮೆಗೇ ಒಂದು ಬದಿಗೆ ವಾಲಿ ಜಾರಿತು. ಸಂಜೆ ಮೇಲಕ್ಕೆಳೆದಾಗ ಸೊಟ್ಟಗೆ ಕುಳಿತಿತು. ಇಳಿಸಿ ಮತ್ತೆ ಏರಿಸಿದನು, ಮತ್ತೂ ಸೊಟ್ಟ. ಹಿಂದೆ ಏಳೆಂಟು ಕಾರುಗಳು ಸಾಲಾಗಿ ಕಾದು ನಿಂತಿದ್ದವು. ಯಾರೂ ಕೂಗಾಡಲಿಲ್ಲ, ಕೂಗಾಡದಿದ್ದುದೇ ಅವನಿಗೆ ಹೆಚ್ಚು ನಾಚಿಕೆಯಾಯಿತು. ಮನೆಗೆ ಬರುವಾಗ ಹೆದ್ದಾರಿಯಲ್ಲಿ ಗಾಡಿಯು ಹಾವಿನ ಬಾಲದಂತೆ ಎಡಕ್ಕೂ ಬಲಕ್ಕೂ ಹೊಯ್ದಾಡಿತು. ತಂದೆ ಪಕ್ಕದಲ್ಲಿ ಕುಳಿತು ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದರು, ಮಾತನಾಡಲಿಲ್ಲ.

ನೆರೆಯವನೊಬ್ಬನು ಉಪಾಯ ಹೇಳಿಕೊಟ್ಟನು: ಗಾಡಿಯ ಹಾಸುಹಲಗೆಗಳ ಮೇಲೆ ಜಾರುವ ಎಣ್ಣೆಯಂಥ ದ್ರವವನ್ನು ಚಿಮುಕಿಸಿದರೆ ದೋಣಿ ಬೆಣ್ಣೆಯಂತೆ ಇಳಿಯುವುದೆಂದು. ಮಗನು ಚಿಮುಕಿಸಿದನು, ಧಾರಾಳವಾಗಿಯೇ. ಎರಡನೆಯ ರವಿವಾರ, ಹಿಂದಿನವರನ್ನು ಕಾಯಿಸಬಾರದೆಂಬ ಆತುರದಿಂದ, ಇಳಿಜಾರಿನ ತಲೆಯಲ್ಲಿಯೇ ದೋಣಿಯ ಮೂತಿಗೆ ಕಟ್ಟಿದ ಪಟ್ಟಿಯನ್ನು ಬಿಚ್ಚಿದನು. ತಂದೆ ಹಗ್ಗ ಹಿಡಿದು ಗಾಡಿಯ ಹಿಂದುಗಡೆ ಒಂದು ಪಕ್ಕಕ್ಕೆ ನಿಂತಿದ್ದರು. ಕಾರು ಹಿಂದಕ್ಕೆ ಸರಿದು ಒಮ್ಮೆ ನಿಂತಿತು, ದೋಣಿ ನಿಲ್ಲಲಿಲ್ಲ. ನೀರಿಗೆ ಇನ್ನೂ ಮೂರು ಮಾರು ಇರುವಾಗಲೇ ಅದು ಹಲಗೆಗಳ ಮೇಲಿಂದ ಜಾರಿ ಕಾಂಕ್ರೀಟಿನ ಮೇಲೆ ಬಿದ್ದಿತು. ವೃದ್ಧರು ಅದು ಜಾರುವ ಮೊದಲೇ ಹಗ್ಗ ಬಿಟ್ಟು ಪಕ್ಕಕ್ಕೆ ಹಾರಿದ್ದರು. ಕುಂಟುವ ಕಾಲಿನ ಮುದುಕರು ಅಷ್ಟು ದೂರ ಹಾರಿದುದು ಹೇಗೆಂದು ನೋಡಿದವರು ಬೆರಗಾದರು. ಅವರು ನಿಂತಿದ್ದ ಜಾಗದಲ್ಲಿ ಎಂಜಿನಿನ ಅಡಿತುದಿಯು ಒಂದು ಗೇಣುದ್ದ ಗೀರು ಕೊರೆದಿತ್ತು.

ಮಗನು ಕಾರಿನಿಂದಿಳಿದು ಬಂದು, “ಅಪ್ಪಯ್ಯಾ, ನಿಮ್ಮನ್ನು ಅಲ್ಲಿ ನಿಲ್ಲಲು ಹೇಳಿದವರು ಯಾರು?” ಎಂದು ನಾಲ್ಕು ಜನರ ಮುಂದೆ ಗದರಿಸಿದನು. ಭಯವು ಎಷ್ಟೋ ವೇಳೆ ಕೋಪದ ವೇಷ ಹಾಕಿಕೊಂಡು ಬರುವುದುಂಟು. ನಿಲ್ಲಲು ಹೇಳಿದವನು ತಾನೇ ಎಂಬುದು ಅವನಿಗೆ ಮನೆಗೆ ಬಂದ ಮೇಲೆ ನೆನಪಾಯಿತು. ಆ ರಾತ್ರಿ ಅವನಿಗೆ ನಿದ್ರೆ ಬರಲಿಲ್ಲ. ಆ ದೋಣಿಯನ್ನು ಸಿಕ್ಕಿದ ಬೆಲೆಗೆ ಮಾರಿಬಿಡುವುದೆಂದು ನಿಶ್ಚಯಿಸಿ ಬೆಳಗಿನ ಜಾವ ಕಣ್ಣು ಮುಚ್ಚಿದನು.

ಬೆಳಗ್ಗೆ ನೋಡಿದರೆ ತಂದೆ ಅಂಗಳದಲ್ಲಿ ಚಾಪೆ ಹಾಸಿಕೊಂಡು ಗಾಡಿಯ ಕೆಳಗೆ ಅಂಗಾತ ಮಲಗಿದ್ದಾರೆ. ಒಂದು ಕೈ ದೋಣಿಯ ಅಡಿಯ ಮೇಲೆ, ಇನ್ನೊಂದು ಹಾಸುಹಲಗೆಯ ಮೇಲೆ.

“ದೋಣಿಯದು ತಪ್ಪಿಲ್ಲ ಮಗಾ. ಇದು ಬೇರೆ ದೋಣಿಯ ಹಾಸಿಗೆ” ಎಂದರು.

ಈ ಒಂದು ಮಾತಿನಲ್ಲಿ ಎಲ್ಲವೂ ಅಡಗಿತ್ತು. ದೋಣಿಗಾಡಿಯು ಸರಕಿನ ಗಾಡಿಯಂತಲ್ಲ. ಸರಕಿನ ಗಾಡಿಗೆ ಸಮತಟ್ಟಾದ ನೆಲವಿದ್ದರೆ ಸಾಕು, ಮೂಟೆಗಳು ತಾವೇ ಹೊಂದಿಕೊಳ್ಳುತ್ತವೆ. ದೋಣಿಯು ಹೊಂದಿಕೊಳ್ಳುವ ವಸ್ತುವಲ್ಲ. ನೀರು ಅದರ ಅಡಿಯನ್ನು ಎಲ್ಲೆಡೆಯೂ ಸಮನಾಗಿ ಎತ್ತಿ ಹಿಡಿಯುತ್ತದೆ. ಗಾಡಿಯಾದರೋ ಎರಡು ಹಲಗೆಗಳ ಮೇಲೆ, ನಾಲ್ಕಾರು ಉರುಳೆಗಳ ಮೇಲೆ ಅದನ್ನು ಹೊರಬೇಕು. ಆದುದರಿಂದ ಹಲಗೆಗಳು ದೋಣಿಯ ಹೊಟ್ಟೆಯ ಓರೆಗೆ ತಕ್ಕಷ್ಟು ಓರೆಯಾಗಿ, ಅದರ ಅಗಲಕ್ಕೆ ತಕ್ಕಷ್ಟು ದೂರವಾಗಿ, ಮೊದಲಿನಿಂದ ಕೊನೆಯವರೆಗೆ ಮೈಗೆ ಮೈ ತಾಗುವಂತೆ ಇರತಕ್ಕದ್ದು. ಅಲ್ಲದೆ ಬೋಲ್ಟು ಸಡಿಲಿಸಿ ಎತ್ತರವನ್ನೂ ಓರೆಯನ್ನೂ ಬದಲಿಸುವ ಅನುಕೂಲವನ್ನು ಗಾಡಿ ಮಾಡುವವರು ಮೊದಲೇ ಇಟ್ಟಿರುತ್ತಾರೆ. ಕೊಂಡವರಲ್ಲಿ ಅದನ್ನು ಉಪಯೋಗಿಸುವವರು ಸ್ವಲ್ಪ ಮಂದಿ.

ವೃದ್ಧರ ಪರೀಕ್ಷೆಯ ಕ್ರಮ ಸರಳವಾಗಿತ್ತು. ದೋಣಿಯ ಹಿಂಬದಿಯನ್ನು ಜಾಕಿಯಿಂದ ಎತ್ತಿಸಿ, ಮರದ ದಿಮ್ಮಿಗಳ ಮೇಲೆ ಭದ್ರವಾಗಿ ನಿಲ್ಲಿಸಿದರು. ಹಲಗೆಗಳಿಗೆ ಹೊದಿಸಿದ್ದ ಕೊಳೆತ ಜಮಖಾನೆಯನ್ನು ಕಿತ್ತು ಹಾಕಿಸಿದರು. ಮಾಂಸ ಸುಡುವ ಅಂಗಳದ ಒಲೆಯಿಂದ ಇದ್ದಲು ತಂದು ಬರಿಯ ಮರದ ಮೇಲೆ ಉದ್ದಕ್ಕೂ ತಿಕ್ಕಿ, ದೋಣಿಯನ್ನು ಒಮ್ಮೆ ಇಳಿಸಿ ಮತ್ತೆ ಎತ್ತಿಸಿದರು. ದೋಣಿಯ ಅಡಿಯಲ್ಲಿ ಮಸಿ ಎಲ್ಲೆಲ್ಲಿ ಹತ್ತಿತ್ತೋ ಅಲ್ಲಲ್ಲಿ ಮಾತ್ರ ಅದು ಹಲಗೆಯನ್ನು ತಾಗುತ್ತಿತ್ತು. ಇಡೀ ಉದ್ದಕ್ಕೆ ಪಟ್ಟೆಯಾಗಿ ಹತ್ತಬೇಕಾದ ಮಸಿ ಒಳ ಅಂಚಿನಲ್ಲಿ ಎಳೆಯಾಗಿಯೂ, ಹಲಗೆಗಳ ಹಿಂತುದಿಯಲ್ಲಿ ದಪ್ಪ ಬೊಟ್ಟಾಗಿಯೂ ಹತ್ತಿತ್ತು.

ಇಂಜಿನಿಯರನಿಗೆ ಅಷ್ಟು ಸಾಕಾಯಿತು. ದೋಣಿಯ ಹಿಂಭಾಗವು ಹಲಗೆಗಳ ತುದಿಯನ್ನು ದಾಟಿ ಒಂದು ಗೇಣು ಹೊರಗೆ ಚಾಚಿತ್ತು. ಎಂಜಿನಿನ ಭಾರವೆಲ್ಲ ಆಧಾರವಿಲ್ಲದೆ ಅಲ್ಲಿ ತೂಗಾಡುತ್ತಿತ್ತು. ಹಲಗೆಗಳ ತುದಿಗಳು ಹಲ್ಲಿನಂತೆ ದೋಣಿಯನ್ನು ಕಚ್ಚಿ ಹಿಡಿದಿದ್ದವು. ಹಾಗೆಯೇ ಬಹುಕಾಲ ಬಿಟ್ಟಿದ್ದರೆ ದೋಣಿಯ ತಳವೇ ಅಲ್ಲಿ ಬಾಗುತ್ತಿತ್ತು. ಎಡದ ಹಲಗೆ ಬಲದ್ದಕ್ಕಿಂತ ಒಂದು ಬೆರಳು ತಗ್ಗು; ಸೊಟ್ಟಗೆ ಕೂರುತ್ತಿದ್ದುದಕ್ಕೆ ಅದು ಕಾರಣ. ಮೂತಿಯನ್ನು ಎಳೆಯುವ ರಾಟೆಯು ಮೂತಿಯ ಬಳೆಗಿಂತ ಬಹಳ ಕೆಳಗಿದ್ದುದರಿಂದ ಪಟ್ಟಿಯು ದೋಣಿಯನ್ನು ಮುಂದಕ್ಕೆ ಎಳೆಯುವುದರ ಬದಲು ಕೆಳಕ್ಕೆ ಒತ್ತುತ್ತಿತ್ತು. ರಸ್ತೆಯಲ್ಲಿ ಹೊಯ್ದಾಡಿದುದಕ್ಕೂ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ. ಮನೆಯಲ್ಲಿ ಮೈತೂಕ ನೋಡುವ ಯಂತ್ರವನ್ನು ತಂದು ಗಾಡಿಯ ಮೂಗಿನ ಅಡಿಗೆ ಇಟ್ಟರೆ 25 ಕಿಲೋ ತೋರಿಸಿತು. ದೋಣಿ, ಎಂಜಿನು, ಗಾಡಿ ಎಲ್ಲ ಸೇರಿ ಸುಮಾರು 700 ಕಿಲೋ. ಇಂಥ ಗಾಡಿಯಲ್ಲಿ ಒಟ್ಟು ಭಾರದ 100ಕ್ಕೆ 5ರಿಂದ 10 ಪಾಲು ಕಾರಿನ ಕೊಂಡಿಯ ಮೇಲೆ ಕೂರಬೇಕು. ಅದಕ್ಕಿಂತ ಕಡಮೆಯಾದರೆ ಗಾಡಿಯ ಬಾಲ ಕಾರನ್ನು ಆಡಿಸುತ್ತದೆ. ಹೆಚ್ಚಾದರೆ ಕಾರಿನ ಹಿಂಭಾಗ ಕುಸಿಯುತ್ತದೆ.

ಮುಂದೆ ಎರಡು ವಾರ ಸಂಜೆಗಳು ಈ ಕೆಲಸದಲ್ಲಿಯೇ ಕಳೆದವು. ರಾಟೆಯ ಕಂಬವನ್ನು ಒಂದು ಗೇಣಿಗಿಂತ ತುಸು ಹೆಚ್ಚು ಮುಂದಕ್ಕೆ ಸರಿಸಿದರು. ದೋಣಿಯೂ ಅಷ್ಟೇ ಮುಂದೆ ಬಂದು ಅದರ ಹಿಂಬದಿಯು ಹಲಗೆಗಳ ತುದಿಗೆ ಸರಿಯಾಗಿ ನಿಂತಿತು. ಕೊಂಡಿಯ ಭಾರ ತಾನಾಗಿ 55 ಕಿಲೋಗೆ ಏರಿತು. ಒಂದು ತಪ್ಪನ್ನು ತಿದ್ದಿದರೆ ಅದರ ಹಿಂದಿನ ಇನ್ನೊಂದು ತಪ್ಪೂ ತಿದ್ದಿಕೊಳ್ಳುವುದನ್ನು ಕಂಡು ಮಗನಿಗೆ ಹಿಗ್ಗು. ರಾಟೆಯನ್ನು ಮೂತಿಯ ಬಳೆಯ ಮಟ್ಟಕ್ಕೆ ಎತ್ತಿದರು. ಹೊಸ ಹಲಗೆಗಳನ್ನು ತರುವಾಗ ಮಾತ್ರ ಮಗನ ವಿದ್ಯೆ ಮುಂದಾಯಿತು. ಗೆದ್ದಲಿಗೂ ಕೊಳೆಗೂ ಹೆದರಿ ತಾಮ್ರದ ಉಪ್ಪನ್ನು ಕುಡಿಸಿದ ಮರವು ಅಲ್ಯೂಮಿನಿಯಮನ್ನು ತಿಂದುಹಾಕುವುದರಿಂದ ಅಂಥ ಮರ ಬೇಡವೆಂದು ಅವನು ಹೇಳಲು, ತಂದೆ ಮರುಮಾತಿಲ್ಲದೆ ಒಪ್ಪಿದರು. ಬೋಲ್ಟುಗಳ ತಲೆ ಮರದೊಳಗೆ ಹುದುಗುವಂತೆ ಕೊರೆದು ಕೂರಿಸಿದರು. ದಿನವೂ ಇದ್ದಲು ತಿಕ್ಕಿ, ಇಳಿಸಿ, ಎತ್ತಿ, ನೋಡಿ, ಕಾಲು ತಿರುವು ಬಿಗಿದು, ಮತ್ತೆ ತಿಕ್ಕುವುದು. ಎಂಟನೆಯ ದಿನ ಮಸಿ ಎರಡು ಬದಿಯಲ್ಲಿಯೂ ಅಂಗೈ ಅಗಲದ ಪಟ್ಟೆಯಾಗಿ ಮೂಡಿತು.

ಆ ಸಂಜೆ ಮಗನು ಬಹುಕಾಲ ಮನಸ್ಸಿನಲ್ಲಿದ್ದುದನ್ನು ಕೇಳಿದನು. “ಇಷ್ಟೆಲ್ಲ ಬಲ್ಲವರು ನನಗೆ ಒಂದು ದಿನವೂ ಕಲಿಸಲಿಲ್ಲವಲ್ಲ, ಅಪ್ಪಯ್ಯಾ.”

ವೃದ್ಧರು ಎಡಗಾಲಿನ ಮೆಟ್ಟನ್ನು ಕಳಚಿದರು. ಆ ಕಾಲಿನ ಎರಡು ಬೆರಳುಗಳಿಲ್ಲದುದನ್ನು ಮಗನು ಎಳವೆಯಿಂದಲೂ ಕಂಡಿದ್ದನು. ದೊಡ್ಡ ಮೀನು ಕಚ್ಚಿತೆಂದು ತಾಯಿ ಹೇಳುತ್ತಿದ್ದಳು. ಅದನ್ನೇ ಅವನು ತನ್ನ ಮಕ್ಕಳಿಗೂ ಹೇಳಿದ್ದನು.

“ಮೀನಲ್ಲ, ಉರುಳೆ. ನೀರು ಇನ್ನೂ ಹತ್ತು ಮಾರು ದೂರವಿತ್ತು” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಕಾಲು ಹೋದದ್ದಕ್ಕೆ ನಿನ್ನನ್ನು ದೂರವಿಟ್ಟದ್ದಲ್ಲ. ರಂಪಣಿ ಹೋಯಿತಲ್ಲ, ಅದಕ್ಕೆ” ಎಂದರು.

ರಂಪಣಿಯೆಂದರೆ ದಡದಿಂದ ಎಳೆಯುವ ಹೆಬ್ಬಲೆ. ದೋಣಿಯು ಅದನ್ನು ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟುಬಂದರೆ, ಎರಡು ತುದಿಗಳನ್ನೂ ಹತ್ತಾರು ಮಂದಿ ಹಿಡಿದು ಎಳೆಯಬೇಕು. ಹಿಡಿದ ಮೀನಿನಲ್ಲಿ ಎಲ್ಲರಿಗೂ ಪಾಲು. 1970ರ ದಶಕದ ನಡುವಿನಲ್ಲಿ ಯಂತ್ರದೋಣಿಗಳು ಪರ್ಸೀನು ಬಲೆಗಳೊಡನೆ ಬಂದು, ಮೀನಿನ ಹಿಂಡುಗಳನ್ನು ದಡಕ್ಕೆ ಬರುವ ಮೊದಲೇ ಸುತ್ತುಗಟ್ಟತೊಡಗಿದವು. ಕೆಲವೇ ವರ್ಷಗಳಲ್ಲಿ ರಂಪಣಿಯ ಕಂಪೆನಿಗಳು ಒಂದೊಂದಾಗಿ ನಿಂತುಹೋದವು. ಇಪ್ಪತ್ತನಾಲ್ಕು ವರ್ಷದ ತರುಣನೊಬ್ಬನು ತಾನು ಕಲಿತ ವಿದ್ಯೆಯೆಲ್ಲ ಬಲೆಯೊಡನೆ ಮಾಡಿಗೆ ತೂಗಿದುದನ್ನು ಕಂಡಿದ್ದನು. ನಾಳೆ ಬೆಲೆಯಿಲ್ಲದ್ದನ್ನು ಮಗನಿಗೆ ಕಲಿಸಬಾರದೆಂದು ಅಂದು ನಿಶ್ಚಯಿಸಿದ್ದನು.

“ಅದು ತಪ್ಪೋ ಸರಿಯೋ ಗೊತ್ತಿಲ್ಲ ಮಗಾ. ಆಗ ಹಾಗೆ ಕಂಡಿತು” ಎಂದು ಹೇಳಿ ಅವರು ಮೆಟ್ಟನ್ನು ಮೆಟ್ಟಿಕೊಂಡು ಸ್ಪಾನರನ್ನು ಕೇಳಿದರು. ಮಗನು ತೆಗೆದುಕೊಟ್ಟನು. ಇಳಿಜಾರಿನಲ್ಲಿ ಗದರಿಸಿದ ಮಾತಿಗೆ ಕ್ಷಮೆ ಕೇಳಬೇಕೆಂದು ಅವನು ಸಿದ್ಧಪಡಿಸಿಕೊಂಡಿದ್ದ ವಾಕ್ಯವು ಬಾಯಿಗೆ ಬರಲಿಲ್ಲ. ವೃದ್ಧರು ಅದನ್ನು ಕಾದಂತೆಯೂ ಕಾಣಲಿಲ್ಲ.

ಮೂರನೆಯ ಸಲ ಅವರು ರವಿವಾರವನ್ನು ಬಿಟ್ಟು ಬುಧವಾರ ಬೆಳಗ್ಗೆ ಹೋದರು. ಜನವಿರಲಿಲ್ಲ. ಇಳಿಜಾರಿನ ಮೇಲೆ ಹತ್ತು ನಿಮಿಷ ಸುಮ್ಮನೆ ನಿಂತರು. ಓಡಿ ಬಂದ ಚಕ್ರದ ಗುಂಬವು ಬಿಸಿಯಾಗಿರುವಾಗಲೇ ತಣ್ಣೀರಿಗೆ ಅದ್ದಿದರೆ ಅದು ನೀರನ್ನು ಒಳಕ್ಕೆ ಹೀರಿ ಬೇರಿಂಗು ಕೆಡುವುದೆಂದು ಮಗನು ವಿವರಿಸಿದನು. ಆ ಹೊತ್ತಿನಲ್ಲಿ ತಂದೆ ದೋಣಿಯ ಬಿರಡೆಯನ್ನು ಬಿಗಿದರು, ಹಗ್ಗವನ್ನು ಕಟ್ಟಿದರು. ಮೂತಿಯ ಪಟ್ಟಿಯನ್ನು ಮಾತ್ರ ಬಿಚ್ಚಗೊಡಲಿಲ್ಲ. ದೋಣಿಯ ಹಿಂಭಾಗ ನೀರಿನಲ್ಲಿ ಎದ್ದು ಆಡುವುದನ್ನು ಕಣ್ಣಾರೆ ಕಂಡ ಮೇಲೆ, “ಈಗ ಬಿಡು” ಎಂದರು. ಎರಡು ಬೆರಳುಗಳಿಂದ ಮೂತಿಯನ್ನು ಮುಟ್ಟಿದಷ್ಟಕ್ಕೆ ದೋಣಿ ಸದ್ದಿಲ್ಲದೆ ಹೊರಟುಹೋಯಿತು. ವೃದ್ಧರು ಆ ಬೆರಳುಗಳನ್ನು ಹಣೆಗೆ ಒತ್ತಿಕೊಂಡರು.

ಏರಿಸುವಾಗಲೂ ಹಾಗೆಯೇ. ಹಲಗೆಗಳ ಮುಂದಿನ ಮೂರನೆಯ ಒಂದು ಪಾಲು ನೀರಿನ ಮೇಲೆಯೇ ಇರುವಂತೆ ಗಾಡಿಯನ್ನು ನಿಲ್ಲಿಸಿದರು. ಅದಕ್ಕಿಂತ ಆಳಕ್ಕೆ ಹೋದರೆ ದೋಣಿಯು ಹಲಗೆಗಳ ಮೇಲೆ ತೇಲಾಡುತ್ತ ಎಲ್ಲಿ ಬೇಕಾದಲ್ಲಿ ಕೂರುವುದು. ಅದಕ್ಕಿಂತ ಮೇಲೆ ನಿಂತರೆ ರಾಟೆ ತಿರುಗಿಸುವವನ ತೋಳು ಸೋಲುವುದು. ಸರಿಯಾದ ಆಳ ತಿಳಿದ ಮೇಲೆ ಚಕ್ರದ ಮರೆಯ ಮೇಲೆ ಬಣ್ಣದಿಂದ ಒಂದು ಗೆರೆ ಎಳೆದರು. ಎಂಜಿನಿನ ವೇಗದಿಂದಲೇ ದೋಣಿಯನ್ನು ಗಾಡಿಗೆ ನುಗ್ಗಿಸುವ ಅಭ್ಯಾಸವು ಕೆಲವರಿಗುಂಟು. ಅದರ ರಭಸಕ್ಕೆ ಕಾಂಕ್ರೀಟಿನ ಕೊನೆಯಲ್ಲಿ ಮಣ್ಣು ಕೊರೆದು ಹೊಂಡ ಬೀಳುತ್ತದೆ, ಮುಂದೆ ಯಾರದೋ ಗಾಡಿಯ ಚಕ್ರ ಅದರಲ್ಲಿ ಇಳಿಯುತ್ತದೆ. ಇವರು ರಾಟೆಯನ್ನೇ ತಿರುಗಿಸಿದರು. ದೋಣಿಯ ಮೂತಿ ರಬ್ಬರಿನ ಒರಗಿಗೆ ತಾಗಿ ನಿಂತಾಗ ಅದರ ಹಿಂಬದಿ ಹಲಗೆಗಳ ತುದಿಗೆ ಸರಿಯಾಗಿತ್ತು.

ಮೇಲೆ ಬಂದ ಮೇಲೆ ಬಿರಡೆಯನ್ನು ತೆಗೆದು ನೀರನ್ನೆಲ್ಲ ಬಸಿದರು. ಇದು ಆ ರಾಜ್ಯದ ಕಾಯಿದೆ. ಬಿರಡೆ ತೆಗೆದಿಟ್ಟುಕೊಂಡೇ ರಸ್ತೆಯಲ್ಲಿ ಹೋಗತಕ್ಕದ್ದು. ಪರದೇಶದಿಂದ ಬಂದು 1989ರಲ್ಲಿ ಅಲ್ಲಿಯ ಡುಲೂತ್ ಬಂದರದಲ್ಲಿ ಕಾಣಿಸಿಕೊಂಡ ಜೀಬ್ರಾ ಪಟ್ಟೆಯ ಪುಟ್ಟ ಚಿಪ್ಪುಜೀವಿಯು ದೋಣಿಯಲ್ಲಿ ಉಳಿದ ನೀರಿನೊಡನೆ ಒಂದು ಸರೋವರದಿಂದ ಇನ್ನೊಂದಕ್ಕೆ ಹರಡುವುದನ್ನು ತಡೆಯಲು ಈ ನಿಯಮ. ಮಗನು ಇದನ್ನು ಹೇಳಿದಾಗ ತಂದೆ, “ಕಾಯಿದೆ ಇಲ್ಲದಿದ್ದರೂ ತೆಗೆಯಬೇಕು. ನೆಲದ ಮೇಲೆ ದೋಣಿಗೆ ನೀರಿನ ಭಾರ ಹೊರಿಸಬಾರದು” ಎಂದರು.

ಆ ಬೇಸಗೆಯಲ್ಲಿ ಅವರು ಎಷ್ಟೋ ಸಲ ಸರೋವರಕ್ಕೆ ಹೋದರು. ಸಿಕ್ಕಿದ ಮೀನು ಹೆಚ್ಚಲ್ಲ. ಇಳಿಜಾರಿನಲ್ಲಿ ಕಷ್ಟಪಡುತ್ತಿದ್ದ ಅಪರಿಚಿತರ ಗಾಡಿಯ ಅಡಿಯನ್ನು ವೃದ್ಧರು ಬಗ್ಗಿ ನೋಡಿ, ಭಾಷೆಯಿಲ್ಲದೆಯೇ ಬೆರಳಿನಿಂದ ತೋರಿಸುವುದೂ, ಮಗನು ನಾಚುತ್ತ ನಾಚುತ್ತ ಅದನ್ನು ಅನುವಾದಿಸುವುದೂ ನಡೆಯಿತು. ಕಿಟಕಿಯ ಬಳಿಯ ಕುರ್ಚಿ ಹೆಚ್ಚಾಗಿ ಬರಿದಾಗಿರುತ್ತಿತ್ತು.

ಅಕ್ಟೋಬರಿನಲ್ಲಿ ಅವರು ಊರಿಗೆ ಹಿಂತಿರುಗಿದರು. ನವೆಂಬರಿನಲ್ಲಿ ಹಿಮ ಬಿದ್ದಿತು. ಮಗನು ದೋಣಿಯ ಮೂತಿ ತುಸು ಮೇಲಾಗುವಂತೆ ಗಾಡಿಯನ್ನು ನಿಲ್ಲಿಸಿ ಹೊದಿಕೆ ಹಾಕಿದನು. ಒಂದು ರಾತ್ರಿ ಮರವಂತೆಯಿಂದ ದೂರವಾಣಿ ಬಂದಿತು. ಕ್ಷೇಮಸಮಾಚಾರ, ಮೊಮ್ಮಕ್ಕಳ ಓದು, ನೆರೆಮನೆಯ ಮದುವೆ ಎಲ್ಲ ಮುಗಿದ ಮೇಲೆ ವೃದ್ಧರು ಕೇಳಿದರು: “ಬಿರಡೆ ತೆಗೆದಿಟ್ಟಿದ್ದೀಯಷ್ಟೆ?”

ತೆಗೆದಿಟ್ಟಿರುವೆನೆಂದು ಮಗನು ಹೇಳಿದನು. ಮಾತು ಮುಗಿದ ಮೇಲೆ ಲಾಂದ್ರ ಹಿಡಿದು ಹಿಮದಲ್ಲಿ ಇಳಿದು ಹೋಗಿ, ದೋಣಿಯ ಹಿಂಬದಿಯ ರಂಧ್ರಕ್ಕೆ ಬೆರಳಿಟ್ಟು ನೋಡಿ ಬಂದನು. ಒಳಗೆ ನೀರಿರಲಿಲ್ಲ.